ಪಾಲಿಶ್ ಯಾವುದು, ವ್ಯಾಕ್ಸ್ ಯಾವುದು? ಆರು ವರ್ಷದ ಕಡುನೀಲಿ ಕಾರಿಗೆ ಸಲಹೆ ಬೇಕು

ಕಡುನೀಲಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯ ಮೇಷ್ಟ್ರು. ಆರು ವರ್ಷದ ಹಿಂದೆ ಕೊಂಡ ಕಡುನೀಲಿ ಕಾರಿನ ಸಾಲ ಕಳೆದ ತಿಂಗಳಷ್ಟೇ ತೀರಿತು. ಇನ್ನೂ ಹತ್ತು ವರ್ಷ ಇದನ್ನೇ ಓಡಿಸಬೇಕೆಂದಿದ್ದೇನೆ. ಹಾಗಾಗಿ ಈ ಪ್ರಶ್ನೆ.

ಮೊನ್ನೆ ರಾತ್ರಿ ಪೆಟ್ರೋಲ್ ಬಂಕಿನಲ್ಲಿ ಸರದಿಗೆ ನಿಂತಿದ್ದಾಗ ದೀಪದ ಬೆಳಕು ಬಿದ್ದ ಕಡೆಯಲ್ಲೆಲ್ಲ ಬಾನೆಟ್ ಮೇಲೆ ಜೇಡರ ಬಲೆಯಂತೆ ಸುತ್ತುಸುತ್ತಾದ ಸಣ್ಣ ಗೀರುಗಳು ಕಂಡವು. ಹಗಲಲ್ಲಿ ಇವು ಇಷ್ಟು ಕಾಣುವುದಿಲ್ಲ, ಬಣ್ಣ ಮಂಕಾಗಿದೆ ಎಂದಷ್ಟೇ ಅನ್ನಿಸುತ್ತಿತ್ತು. ಚಾವಣಿಯ ಮೇಲೆ ಬಿಳಿ ಚುಕ್ಕೆಗಳೂ ಕೂತಿವೆ. ಪ್ರತಿ ವರ್ಷ ಸರ್ವಿಸ್‌ಗೆ ಬಿಟ್ಟಾಗ ‘ರಬ್ಬಿಂಗ್, ಪಾಲಿಶಿಂಗ್, ಟೆಫ್ಲಾನ್ ಕೋಟಿಂಗ್’ ಎಂದು ಒಂದು ಸಾಲು ಬಿಲ್ಲಿಗೆ ಸೇರುತ್ತದೆ. ಮೂರು ವಾರ ಹೊಸ ಕಾರಿನಂತೆ ಹೊಳೆಯುತ್ತದೆ. ಆಮೇಲೆ ಮೊದಲಿಗಿಂತಲೂ ಮಂಕು.

ದಸರಾ ಹತ್ತಿರ ಬಂತು. ಆಯುಧಪೂಜೆಯೊಳಗೆ ನನ್ನ ಕೈಯಾರೆ ಇದನ್ನು ಸರಿಮಾಡಬೇಕೆಂದು ಅಂಗಡಿಗೆ ಹೋದರೆ ಕಾಂಪೌಂಡ್, ಪಾಲಿಶ್, ಕ್ಲೀನರ್ ವ್ಯಾಕ್ಸ್, ಕಾರ್ನೌಬಾ, ಸೀಲಂಟ್, ಸೆರಾಮಿಕ್ ಸ್ಪ್ರೇ ಎಂದು ಒಂದು ಗೋಡೆ ತುಂಬ ಡಬ್ಬಿಗಳು. ಮಾರುವವರಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಬರಿಗೈಯಲ್ಲಿ ಬಂದೆ. ತಿಳಿದವರು ದಾರಿ ತೋರಿಸಬೇಕು.

ಬಣ್ಣದ ಶೆಡ್ಡು (ಹುಬ್ಬಳ್ಳಿ)

ಮಾಸ್ತರರೇ, ಬರಿಗೈಯಲ್ಲಿ ಬಂದದ್ದು ಒಳ್ಳೆಯದೇ ಆಯಿತು. ಹದಿನೆಂಟು ವರ್ಷದಿಂದ ಟಿಂಕರಿಂಗ್, ಪೇಂಟಿಂಗ್ ಕೆಲಸ ಮಾಡುತ್ತಿದ್ದೇನೆ. ಡಬ್ಬಿಗಳ ವಿಷಯ ಆಮೇಲೆ. ಮೊದಲು ನಿಮ್ಮ ಕಾರಿನ ಮೈಮೇಲೆ ಏನಿದೆ ಎಂದು ತಿಳಿದುಕೊಳ್ಳಿ.

ಉಕ್ಕಿನ ತಗಡು, ಅದರ ಮೇಲೆ ತುಕ್ಕು ತಡೆಯುವ ಲೇಪ, ಮೇಲೆ ಪ್ರೈಮರ್, ಆಮೇಲೆ ನೀಲಿ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಎಲ್ಲ ಪದರ ಸೇರಿದರೂ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಕ್ಲಿಯರ್ ಕೋಟ್ ಒಂದನ್ನೇ ತೆಗೆದುಕೊಂಡರೆ 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳುವು. ನೀವು ಹೊಳಪು ಎನ್ನುತ್ತಿರುವುದೆಲ್ಲ ಈ ಪದರದ್ದು. ನಿಮಗೆ ಕಂಡ ಜೇಡರ ಬಲೆಯೂ ಇದರಲ್ಲಿಯೇ ಇದೆ, ನೀಲಿ ಬಣ್ಣಕ್ಕೆ ಇನ್ನೂ ಏನೂ ಆಗಿಲ್ಲ.

ಪಾಲಿಶ್ ಎಂದರೆ ಸವೆಸುವುದು. ಅದರಲ್ಲಿ ಸವೆಸುವ ನುಣುಪಾದ ಪುಡಿ ಇರುತ್ತದೆ. ಗೀರಿನ ಅಕ್ಕಪಕ್ಕದ ಕ್ಲಿಯರ್ ಕೋಟನ್ನು ಗೀರಿನ ತಳದ ಮಟ್ಟಕ್ಕೆ ತಂದಾಗ ಗೀರು ‘ಹೋಯಿತು’ ಎನ್ನುತ್ತೇವೆ. ಕಾಂಪೌಂಡ್ ಎಂದರೆ ಅದೇ ಕೆಲಸವನ್ನು ಒರಟಾಗಿ ಮಾಡುವುದು, ನಿಮ್ಮ ಬಿಲ್ಲಿನ ‘ರಬ್ಬಿಂಗ್’ ಇದೇ. ವ್ಯಾಕ್ಸ್ ಇದಕ್ಕೆ ಪೂರ್ತಿ ತಿರುಗುಮುರುಗು: ಅದು ಏನನ್ನೂ ತೆಗೆಯುವುದಿಲ್ಲ, ಮೇಲೆ ಒಂದು ತೆಳು ಪೊರೆ ಕೂರಿಸುತ್ತದೆ. ಬಿಸಿಲು, ಹಕ್ಕಿ ಹಿಕ್ಕೆ, ಮರದ ಅಂಟು ಇವು ಮೊದಲು ಆ ಪೊರೆಯನ್ನು ತಿನ್ನಲಿ, ಕ್ಲಿಯರ್ ಕೋಟ್ ಉಳಿಯಲಿ ಎಂಬುದು ಲೆಕ್ಕ.

ಕ್ಲಿಯರ್ ಕೋಟ್ ಬೆಳೆಯುವ ಉಗುರಲ್ಲ. ಕಳೆದದ್ದು ಕಳೆಯಿತು. ನೇರಳಾತೀತ ಕಿರಣ ತಡೆಯುವ ಅಂಶ ಇರುವುದೂ ಇದರಲ್ಲಿಯೇ. ಕಾರಿನ ಇಡೀ ಬಾಳಿನಲ್ಲಿ ಎಂಟು ಮೈಕ್ರಾನ್‌ಗಿಂತ ಹೆಚ್ಚು ತೆಗೆಯಬಾರದು ಎಂಬುದನ್ನು ನಾನು ಪಾಲಿಸಿಕೊಂಡು ಬಂದಿದ್ದೇನೆ. ಕಾಂಪೌಂಡ್ ಹಾಕಿ ಯಂತ್ರ ಓಡಿಸಿದರೆ ಒಂದೇ ಸಲಕ್ಕೆ ಎರಡು ಮೂರು ಮೈಕ್ರಾನ್ ಹೋಗಬಹುದು. ವರ್ಷಕ್ಕೊಂದು ರಬ್ಬಿಂಗ್ ಎಂದರೆ ಆರು ವರ್ಷಕ್ಕೆ ಎಷ್ಟು ಎಂಬ ಲೆಕ್ಕವನ್ನು ಮಾಸ್ತರರೇ ಮಾಡಿಕೊಳ್ಳಲಿ. ಇದು ನನ್ನ ಕಸುಬಿನವರೇ ಮಾಡುವ ಕೆಲಸ, ಹೇಳಲು ಸಂಕಟವಾಗುತ್ತದೆ, ಆದರೆ ಹೇಳದೆ ಇರಲಾರೆ.

ಕಡುನೀಲಿ (ಮೈಸೂರು)

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆರು ವರ್ಷ ನಾನೇ ದುಡ್ಡು ಕೊಟ್ಟು ತೆಗೆಸಿದ್ದೇನೆ. ಹಾಗಾದರೆ ಟೆಫ್ಲಾನ್ ಅದನ್ನು ತುಂಬಿಕೊಡುವುದಿಲ್ಲವೇ? ಮೂರು ವಾರ ಹೊಳೆದದ್ದು ಹೇಗೆ?

ಪ್ರಯೋಗಾಲಯ (ದಾವಣಗೆರೆ)

ಮೇಷ್ಟ್ರೇ, ನಾನು ರಸಾಯನಶಾಸ್ತ್ರ ಪಾಠ ಮಾಡುವವಳು, ಇದಕ್ಕೆ ಉತ್ತರ ಕೊಡಬಲ್ಲೆ. ದೋಸೆ ಕಾವಲಿಯ ಮೇಲಿನ ಟೆಫ್ಲಾನ್ ಲೋಹಕ್ಕೆ ಅಂಟಿಕೊಂಡಿರುವುದು ಕಾರ್ಖಾನೆಯ ಭಾರಿ ಶಾಖದಲ್ಲಿ. ಆ ವಸ್ತು ಕರಗುವುದೇ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಾರಿನ ಬಣ್ಣ ಅಷ್ಟು ಶಾಖ ಕಂಡರೆ ಸುಟ್ಟು ಹೋಗುತ್ತದೆ. ಶೆಡ್ಡಿನಲ್ಲಿ ಬಟ್ಟೆಯಿಂದ ಉಜ್ಜುವ ದ್ರವದಲ್ಲಿ ಟೆಫ್ಲಾನ್ ಪುಡಿ ಇದ್ದರೂ ಅದು ಕಾವಲಿಯ ಮೇಲಿನಂತೆ ಬೆಸೆದುಕೊಳ್ಳಲು ಸಾಧ್ಯವಿಲ್ಲ. ಅದು ನಿಲ್ಲುವುದು ಜೊತೆಗಿರುವ ಮೇಣದ, ಪಾಲಿಮರಿನ ಬಲದಲ್ಲಿ.

ಮೂರು ವಾರದ ಹೊಳಪಿಗೆ ಬೇರೆ ಕಾರಣ ಇರಬಹುದು. ಹಲವು ಪಾಲಿಶ್‌ಗಳಲ್ಲಿ ಎಣ್ಣೆ, ತುಂಬುಪದಾರ್ಥ ಇರುತ್ತದೆ. ಅವು ಗೀರುಗಳ ಒಳಗೆ ಕೂತು ಬೆಳಕು ಚೆದುರದಂತೆ ಮಾಡುತ್ತವೆ. ನಾಲ್ಕು ಬಾರಿ ತೊಳೆದಾಗ ಎಣ್ಣೆ ಹೋಗುತ್ತದೆ, ಗೀರು ಮತ್ತೆ ಕಾಣುತ್ತದೆ.

ಕಾರ್ನೌಬಾ ಬಗ್ಗೆಯೂ ಒಂದು ಮಾತು. ಅದು ಬ್ರೆಜಿಲ್‌ನ ಈಶಾನ್ಯ ಭಾಗದ ಒಣಸೀಮೆಯಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರದ ಎಲೆಯ ಮೇಣ. ಬಿಸಿಲಿಗೆ ಎಲೆಯ ನೀರು ಆರಿಹೋಗದಂತೆ ಮರ ತಾನೇ ಹೊದ್ದುಕೊಳ್ಳುವ ಹೊದಿಕೆ. ಎಲೆ ಕಡಿದು, ಒಣಗಿಸಿ, ಬಡಿದು ಪುಡಿ ಉದುರಿಸಿ, ಕರಗಿಸುತ್ತಾರೆ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗಿದರೆ ಇದು ಕರಗಲು 82ರಿಂದ 86 ಡಿಗ್ರಿ ಬೇಕು. ಮೇಣಗಳಲ್ಲೇ ತುಂಬ ಗಟ್ಟಿ. ಆದ್ದರಿಂದ ದ್ರಾವಕ, ಎಣ್ಣೆ, ಬೇರೆ ಮೇಣ ಬೆರೆಸದೆ ಹಚ್ಚಲು ಬರುವುದಿಲ್ಲ. ‘ಶೇ. 100 ಕಾರ್ನೌಬಾ’ ಎಂದು ಡಬ್ಬಿಯ ಮೇಲೆ ಕಂಡರೆ ಅದರಲ್ಲಿರುವ ಮೇಣವೆಲ್ಲ ಕಾರ್ನೌಬಾ ಎಂದಷ್ಟೇ ಅರ್ಥ ಮಾಡಿಕೊಳ್ಳಿ, ಡಬ್ಬಿಯಲ್ಲಿರುವುದೆಲ್ಲ ಅದೇ ಎಂದಲ್ಲ.

ಕಡಲ ಗಾಳಿ (ಸುರತ್ಕಲ್)

ಮಾಸ್ಟ್ರೇ, ನಮ್ಮ ಕಡೆಯ ಅನುಭವ ಹೇಳುತ್ತೇನೆ. ಇಲ್ಲಿ ಮಳೆಗಾಲ ಎಂದರೆ ನಾಲ್ಕು ತಿಂಗಳು ಕಾರು ಒಣಗುವುದೇ ಅಪರೂಪ, ಉಳಿದ ಕಾಲದಲ್ಲಿ ಉಪ್ಪಿನ ಗಾಳಿ. ಕಾರ್ನೌಬಾ ಹಚ್ಚಿದರೆ ನೋಡಲು ಬಲು ಚಂದ, ಕಡು ಬಣ್ಣಕ್ಕೆ ಒಂದು ಆಳ ಬರುತ್ತದೆ. ಆದರೆ ಜೂನಿನಲ್ಲಿ ಹಚ್ಚಿದ್ದು ಜುಲೈ ಮುಗಿಯುವಷ್ಟರಲ್ಲಿ ಇರುವುದಿಲ್ಲ. ನಾನು ಮೇ ಕೊನೆಯ ವಾರ ಸಿಂಥೆಟಿಕ್ ಸೀಲಂಟ್ ಹಚ್ಚುತ್ತೇನೆ, ಅದು ವ್ಯಾಕ್ಸಿನಂತೆಯೇ ಪೊರೆ ಕೂರಿಸುತ್ತದೆ, ಆದರೆ ಮೇಣದ್ದಲ್ಲ, ಪಾಲಿಮರ್ ಜಾತಿಯದು. ಚೌತಿಯವರೆಗೆ ನೀರು ಜಾರುತ್ತಲೇ ಇರುತ್ತದೆ.

ಇನ್ನೊಂದು ವಿಷಯ. ಕಲ್ಲು ಸಿಡಿದು ಬಣ್ಣ ಕಿತ್ತುಹೋದ ಕಡೆ ಯಾವ ವ್ಯಾಕ್ಸೂ ತುಕ್ಕು ತಡೆಯುವುದಿಲ್ಲ. ಅಂಥ ಜಾಗಕ್ಕೆ ಮೊದಲು ಟಚ್‌ಅಪ್ ಬಣ್ಣ ಹಚ್ಚಬೇಕು. ನನ್ನ ಹಳೆಯ ಕಾರಿನ ಚಕ್ರದ ಮೇಲಂಚಿನಲ್ಲಿ ಅಕ್ಕಿಕಾಳಿನಷ್ಟು ಜಾಗ ಬಿಟ್ಟಿದ್ದೆ. ಎರಡು ಮಳೆಗಾಲ ಕಳೆದಾಗ ಬೆರಳು ತೂರುತ್ತಿತ್ತು.

ಹತ್ತನೇ ಮಹಡಿ (ಬೆಂಗಳೂರು)

ಇಷ್ಟೆಲ್ಲ ಮಾತಿನಲ್ಲಿ ಗೀರು ಬಂದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ದಿನಾ ಬೆಳಿಗ್ಗೆ ಐದೂವರೆಗೆ ಒಬ್ಬರು ಬಂದು ಹದಿನಾಲ್ಕು ಕಾರು ಒರೆಸುತ್ತಾರೆ. ಒಂದೇ ಬಕೆಟ್ಟು, ಒಂದೇ ಬಟ್ಟೆ. ಒಂದು ದಿನ ನಾನೂ ಬೇಗ ಇಳಿದು ನೋಡಿದೆ. ಬಕೆಟ್ಟಿನ ನೀರು ಐದನೇ ಕಾರಿಗೇ ಚಹಾ ಬಣ್ಣಕ್ಕೆ ತಿರುಗಿತ್ತು. ಬಟ್ಟೆ ಹಿಂಡಿ ಬೆರಳ ನಡುವೆ ತಿಕ್ಕಿದರೆ ಮರಳು ಸಿಕ್ಕಿತು. ಆ ಬಟ್ಟೆಯಲ್ಲಿ ವೃತ್ತಾಕಾರವಾಗಿ ಒರೆಸುತ್ತಿದ್ದರು. ಮೇಷ್ಟ್ರು ಹೇಳಿದ ಜೇಡರ ಬಲೆ ಹುಟ್ಟುವುದು ಹೀಗೆ.

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಒಂದು ಕಾರಿಗೆ ಐದು ನಿಮಿಷ ಸಿಕ್ಕರೆ ಹೆಚ್ಚು, ಅದರಲ್ಲಿ ಇನ್ನೇನು ಮಾಡಲು ಸಾಧ್ಯ? ನನ್ನ ಕಾರಿಗೆ ದಿನಾ ಒರೆಸುವುದು ಬೇಡ, ಅದೇ ಸಂಬಳಕ್ಕೆ ವಾರಕ್ಕೊಮ್ಮೆ ಸರಿಯಾಗಿ ತೊಳೆದುಕೊಡಿ ಎಂದು ಕೇಳಿಕೊಂಡೆ. ಎರಡು ಬಕೆಟ್ಟು ಕೊಟ್ಟೆ, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ನಾಲ್ಕು ಮೈಕ್ರೋಫೈಬರ್ ಬಟ್ಟೆ ತಂದೆ. ಬಾಗಿಲಿನ ಕೆಳಭಾಗಕ್ಕೆ ಬಳಸಿದ ಬಟ್ಟೆ ಮತ್ತೆ ಬಾನೆಟ್ಟಿಗೆ ಏರಬಾರದು ಎಂದು ಬಣ್ಣ ಬೇರೆ ಮಾಡಿಟ್ಟೆವು. ಈಗ ಉಳಿದ ಕಾರುಗಳಿಗೂ ಹೀಗೇ ಮಾಡಬಹುದೇ ಎಂದು ಅವರೇ ಕೇಳುತ್ತಿದ್ದಾರೆ.

ಕೆಂಪು ದೂಳು (ಸಂಡೂರು)

ಮೇಲಿನ ಮಾತು ನೂರಕ್ಕೆ ನೂರು ನಿಜ. ನಮ್ಮಲ್ಲಿ ಅದಿರಿನ ಲಾರಿಗಳ ಹಿಂದೆ ಹತ್ತು ಕಿಲೋಮೀಟರ್ ಹೋದರೆ ಬಿಳಿ ಕಾರು ಇಟ್ಟಿಗೆ ಬಣ್ಣವಾಗುತ್ತದೆ. ಅದು ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ದೂಳು, ಮಣ್ಣಿನಂತೆ ಮೆತ್ತಗಲ್ಲ. ಒಣಬಟ್ಟೆಯಿಂದ ಒರೆಸಿದರೆ ಉಪ್ಪುಕಾಗದ ಉಜ್ಜಿದಂತೆಯೇ. ನಾನು ಮೊದಲು ಪೈಪಿನಿಂದ ಮೇಲಿನಿಂದ ಕೆಳಕ್ಕೆ ನೀರು ಬಿಡುತ್ತೇನೆ, ಕೆಂಪು ನೀರು ನಿಲ್ಲುವವರೆಗೆ ಕೈಯಾಡಿಸುವುದೇ ಇಲ್ಲ. ವ್ಯಾಕ್ಸ್ ಇದ್ದಾಗ ಅರ್ಧಕ್ಕರ್ಧ ದೂಳು ಬರೀ ನೀರಿಗೇ ಜಾರಿಹೋಗುತ್ತದೆ. ನನಗೆ ವ್ಯಾಕ್ಸ್ ಬೇಕಾಗಿರುವುದೇ ಇದಕ್ಕೆ, ಹೊಳಪು ಬಂದರೆ ಬರಲಿ.

ಸೆರಾಮಿಕ್ ಗೆಳೆಯ (ದುಬೈ)

ಪುತ್ತೂರಿನವನು, ಹನ್ನೊಂದು ವರ್ಷದಿಂದ ದುಬೈಯಲ್ಲಿದ್ದೇನೆ. ಇಲ್ಲಿನ ಬೇಸಿಗೆಯಲ್ಲಿ ಬಾನೆಟ್ ಮೇಲೆ ಕೈ ಇಡಲಾಗುವುದಿಲ್ಲ, ಸಾಧಾರಣ ವ್ಯಾಕ್ಸ್ ಒಂದು ತಿಂಗಳೂ ತಾಳದು. ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಗಟ್ಟಿಯಾಗಿ ಕೂರುವ ಗಾಜಿನಂಥ ಲೇಪ, ಮಾಡಿಸಿ ಎರಡು ವರ್ಷ ನೆಮ್ಮದಿಯಾಗಿದ್ದೇನೆ. ಮೇಷ್ಟ್ರು ಒಮ್ಮೆ ದುಡ್ಡು ಹಾಕಿ ಅದನ್ನೇ ಮಾಡಿಸಲಿ. ತಿಂಗಳು ತಿಂಗಳು ಮೇಣ ತಿಕ್ಕುವ ಶ್ರಮವೇಕೆ? 9H ಗಡಸುತನ ಇರುತ್ತದೆ, ಗೀರೂ ಬೀಳುವುದಿಲ್ಲ.

ಬಣ್ಣದ ಶೆಡ್ಡು (ಹುಬ್ಬಳ್ಳಿ)

ಗೆಳೆಯರೇ, ಸೆರಾಮಿಕ್ ಒಳ್ಳೆಯದೇ, ನಾನೂ ಹಚ್ಚಿಕೊಡುತ್ತೇನೆ. ಆದರೆ ಎರಡು ವಿಷಯ ತಿಳಿಸಲೇಬೇಕು. 9H ಎಂಬುದು ಪೆನ್ಸಿಲ್‌ನ ಅಳತೆ. ಚಿತ್ರ ಬರೆಯುವ ಪೆನ್ಸಿಲ್‌ಗಳಲ್ಲಿ ತುಂಬ ಗಟ್ಟಿಯಾದ 9H ತಾಗಿದರೆ ಗೀರು ಬೀಳದು ಎಂದು ಅರ್ಥ. ರಸ್ತೆಯ ಮರಳು ಪೆನ್ಸಿಲ್ ಸೀಸಕ್ಕಿಂತ ಎಷ್ಟೋ ಗಟ್ಟಿ. ಕೊಳಕು ಬಟ್ಟೆಯಿಂದ ಒರೆಸಿದರೆ ಸೆರಾಮಿಕ್ ಮೇಲೂ ಜೇಡರ ಬಲೆ ಬರುತ್ತದೆ.

ಎರಡನೆಯದು, ಸೆರಾಮಿಕ್ ಹಚ್ಚುವ ಮೊದಲು ಗೀರು ತೆಗೆಯಲೇಬೇಕೆಂದು ಬಹುತೇಕ ಕಡೆ ಇಡೀ ಕಾರಿಗೆ ಯಂತ್ರ ಓಡಿಸುತ್ತಾರೆ, ಏಕೆಂದರೆ ಕೆಳಗೆ ಉಳಿದದ್ದೆಲ್ಲ ಹಾಗೇ ಮುಚ್ಚಿಕೊಳ್ಳುತ್ತದೆ. ಹೊಸ ಕಾರಿಗೆ ಅದು ಸರಿ. ಆರು ಸಲ ರಬ್ಬಿಂಗ್ ಕಂಡ ಕಾರಿಗೆ ಕಣ್ಣು ಮುಚ್ಚಿ ಯಂತ್ರ ಹಾಕಲು ನಾನು ಒಪ್ಪುವುದಿಲ್ಲ. ಮೊದಲು ಗೇಜ್ ಎಂಬ ಅಳೆಯುವ ಉಪಕರಣ ಇಟ್ಟು ಬಣ್ಣದ ಪದರಗಳ ದಪ್ಪ ಅಳೆಸಬೇಕು. ಒಳ್ಳೆಯ ಶೆಡ್ಡಿನಲ್ಲಿ ಐದು ನಿಮಿಷದ ಕೆಲಸ. ಲೋಹದ ಭಾಗಕ್ಕೆ ಮಾತ್ರ ನಡೆಯುತ್ತದೆ, ಪ್ಲಾಸ್ಟಿಕ್ ಬಂಪರಿಗೆ ಆ ಸಾಧಾರಣ ಗೇಜ್ ಆಗದು.

ಮಾಸ್ತರರೇ, ಅಳೆಸಿಕೊಂಡು ಬನ್ನಿ. ಅಷ್ಟರಲ್ಲಿ ಚಾವಣಿಯ ಬಿಳಿ ಚುಕ್ಕೆ ನೋಡಿಕೊಳ್ಳಿ. ಬೋರ್‌ವೆಲ್ ನೀರಿನಲ್ಲಿ ತೊಳೆದು ಬಿಸಿಲಿಗೆ ಬಿಟ್ಟಿದ್ದರೆ ಅದು ಸುಣ್ಣದ ಕಲೆ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಒಂದು ನಿಮಿಷ ಕಲೆಯ ಮೇಲಿಟ್ಟು, ಒರೆಸಿ, ಕೂಡಲೇ ಚೆನ್ನಾಗಿ ತೊಳೆಯಿರಿ. ನೆರಳಲ್ಲಿ ಮಾಡಿ, ತಗಡು ತಣ್ಣಗಿರಲಿ. ಹೋಗದಿದ್ದರೆ ಆ ಕಲೆ ಕ್ಲಿಯರ್ ಕೋಟನ್ನೇ ತಿಂದಿದೆ ಎಂದು ತಿಳಿಯಿರಿ.

ಅಪ್ಪನ ಪದ್ಮಿನಿ (ತುಮಕೂರು)

ಎಲ್ಲರೂ ಕ್ಲಿಯರ್ ಕೋಟ್ ಇರುವ ಕಾರಿನ ಮಾತಾಡುತ್ತಿದ್ದೀರಿ, ನನ್ನದು ಬೇರೆಯೇ ಕಥೆ. ಅಪ್ಪ ಬಿಟ್ಟುಹೋದ 1987ರ ಪ್ರೀಮಿಯರ್ ಪದ್ಮಿನಿ, ಕೆನೆ ಬಣ್ಣ. ಹೋದ ವರ್ಷ ಮೊದಲ ಸಲ ಪಾಲಿಶ್ ಹಿಡಿದು ಬಾಗಿಲಿನ ಮೂಲೆಯಲ್ಲಿ ಉಜ್ಜಿದಾಗ ಬಟ್ಟೆಯೆಲ್ಲ ಕೆನೆ ಬಣ್ಣವಾಯಿತು. ಬಣ್ಣವೇ ಕಿತ್ತು ಬರುತ್ತಿದೆ ಎಂದು ಹೆದರಿ ಬಟ್ಟೆ ಕೆಳಗಿಟ್ಟೆ. ಆಮೇಲೆ ತಿಳಿಯಿತು, ಅಂಥ ಹಳೆಯ ಕಾರುಗಳಿಗೆ ಕ್ಲಿಯರ್ ಕೋಟ್ ಇಲ್ಲ, ಬಣ್ಣವೇ ಮೇಲ್ಪದರ. ಬಿಸಿಲಿಗೆ ಮೇಲ್ಮೈ ಸತ್ತು ಸೀಮೆಸುಣ್ಣದ ಪುಡಿಯಂತಾಗಿರುತ್ತದೆ. ಅದನ್ನು ಮಾತ್ರ ಹಗುರವಾಗಿ ತೆಗೆದರೆ ಕೆಳಗೆ ಜೀವಂತ ಬಣ್ಣ ಇರುತ್ತದೆ.

ಯಂತ್ರ ಮುಟ್ಟಿಸಲಿಲ್ಲ. ಅತಿ ನುಣುಪಾದ ಪಾಲಿಶ್, ಹತ್ತಿಯ ಹಳೆಯ ಬನಿಯನ್ ಬಟ್ಟೆ, ಪ್ರತಿ ಭಾನುವಾರ ಒಂದು ಭಾಗ. ಎಡ ಮುಂಬಾಗಿಲಿನ ಹಿಡಿಯ ಕೆಳಗೆ ಅಪ್ಪನ ಉಂಗುರ ತಾಗಿ ತಾಗಿ ಆಗಿದ್ದ ನಾಲ್ಕು ಗೀರುಗಳಿವೆ. ಅಷ್ಟು ಜಾಗ ಬಿಟ್ಟು ಉಳಿದದ್ದೆಲ್ಲ ಪಾಲಿಶ್ ಮಾಡಿದೆ. ಈಗ ಎರಡು ತಿಂಗಳಿಗೊಮ್ಮೆ ಪೇಸ್ಟ್ ವ್ಯಾಕ್ಸ್. ಈ ಬಣ್ಣಕ್ಕೆ ಸೀಲಂಟಿಗಿಂತ ಮೇಣವೇ ಒಪ್ಪುತ್ತದೆ ಎಂಬುದು ನನ್ನ ಕಣ್ಣಿನ ತೀರ್ಪು.

ಹಳೆಯ ಕಾರು ಇರುವವರು ಬಿಳಿ ಬಟ್ಟೆಯಲ್ಲಿ ಕಾಣದ ಮೂಲೆಯೊಂದನ್ನು ಉಜ್ಜಿ ನೋಡಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಕ್ಲಿಯರ್ ಕೋಟ್ ಇಲ್ಲವೆಂದು ಅರ್ಥ. ಹೊಸ ಕಾರಿನಲ್ಲಿ ಬಣ್ಣ ಹತ್ತಿದರೆ ಕೂಡಲೇ ನಿಲ್ಲಿಸಿ, ಮೇಲಿನ ಪದರ ಮುಗಿದಿದೆ.

ಕಡುನೀಲಿ (ಮೈಸೂರು)

ಅಳೆಸಿಕೊಂಡು ಬಂದೆ. ಬಲ ಬಾಗಿಲುಗಳು 112, 115 ಮೈಕ್ರಾನ್. ಚಾವಣಿ 104. ಎಡ ಹಿಂಬಾಗಿಲು 210 ಎಂದಾಗ ಗಾಬರಿಯಾಯಿತು, ಮೂರು ವರ್ಷದ ಹಿಂದೆ ಆಟೋ ತಾಗಿ ಮರುಬಣ್ಣ ಹಾಕಿಸಿದ್ದು ಆಮೇಲೆ ನೆನಪಾಯಿತು. ಬಾನೆಟ್ ನಡುವೆ 89, ಅಂಚಿಗೆ ಬಂದರೆ 84.

ಚಾವಣಿಯ ಚುಕ್ಕೆಗಳಲ್ಲಿ ಮುಕ್ಕಾಲು ಪಾಲು ವಿನೆಗರಿಗೆ ಹೋದವು. ಹೋಗದೆ ಉಳಿದವನ್ನು ಓರೆಯಾಗಿ ನೋಡಿದರೆ ನಡುವೆ ಸಣ್ಣ ಗುಳಿ ಕಾಣುತ್ತದೆ.

ಬಣ್ಣದ ಶೆಡ್ಡು (ಹುಬ್ಬಳ್ಳಿ)

ಮಾಸ್ತರರೇ, ಗೇಜ್ ಹೇಳುವುದು ಒಟ್ಟು ದಪ್ಪ, ಅದರಲ್ಲಿ ಕ್ಲಿಯರ್ ಕೋಟ್ ಎಷ್ಟೆಂದು ಬಿಡಿಸಿ ಹೇಳುವುದಿಲ್ಲ. ಬಾನೆಟ್ ಕಾರ್ಖಾನೆಯಿಂದಲೇ ತುಸು ತೆಳುವಾಗಿ ಬಂದಿರಬಹುದು, ರಬ್ಬಿಂಗ್‌ಗೆ ಸವೆದಿರಬಹುದು. ಯಾವುದಾದರೂ ನನ್ನ ಮಾತು ಒಂದೇ: ಬಾನೆಟ್ಟಿಗೆ ಇನ್ನು ಕಾಂಪೌಂಡ್ ಬೇಡ, ಯಂತ್ರ ಬೇಡ. ಆ ಜೇಡರ ಬಲೆ ಇರಲಿ. ಬಂಕಿನ ದೀಪದ ಕೆಳಗೆ ಕಾಣುವ ಗೀರನ್ನು ತೆಗೆಯಲು ಹೋಗಿ ಮೂರು ವರ್ಷಕ್ಕೆ ಕ್ಲಿಯರ್ ಕೋಟ್ ಹಪ್ಪಳದಂತೆ ಎದ್ದರೆ ಮರುಬಣ್ಣವೊಂದೇ ದಾರಿ. ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ನಮ್ಮ ಬೂತಿನಲ್ಲಿ 60 ಡಿಗ್ರಿ ದಾಟಿಸಲು ಆಗದು, ಟಯರು, ವೈರು, ಪ್ಲಾಸ್ಟಿಕ್ ಎಲ್ಲ ಕೂತಿರುತ್ತದೆ. ಕಾರ್ಖಾನೆಯ ಬಣ್ಣಕ್ಕೆ ಸಮನಾದದ್ದನ್ನು ನಾವು ಹಾಕಿಕೊಡಲಾರೆವು.

ಈಗ ಕೊಳ್ಳಬೇಕಾದದ್ದು ಹೇಳುತ್ತೇನೆ. ಕಾರ್ ಶಾಂಪೂ, ಪಾತ್ರೆ ತೊಳೆಯುವ ಸೋಪು ಅಲ್ಲ, ಅದು ಇದ್ದ ವ್ಯಾಕ್ಸನ್ನೂ ಎಳೆದುಕೊಂಡು ಹೋಗುತ್ತದೆ. ಒಂದು ತುಂಡು ನುಣುಪು ದರ್ಜೆಯ ಕ್ಲೇ ಬಾರ್, ಅಂದರೆ ಬಣ್ಣಕ್ಕೆ ಅಂಟಿದ ಕೊಳೆಯನ್ನು ಎತ್ತುವ ಜೇಡಿಮಣ್ಣಿನಂಥ ಮುದ್ದೆ. ಒಂದು ಸೀಲಂಟ್ ಅಥವಾ ವ್ಯಾಕ್ಸ್, ಮೆಗ್ವಯರ್ಸ್, 3ಎಂ, ಟರ್ಟಲ್ ವ್ಯಾಕ್ಸ್, ಸೋನಾಕ್ಸ್ ಯಾವುದಾದರೂ ನಡೆಯುತ್ತದೆ. ಹೆಸರಿಗಿಂತ ಹಿಂದಿನ ಚೀಟಿ ಓದಿ. ‘ಕ್ಲೀನರ್ ವ್ಯಾಕ್ಸ್’ ಎಂದಿದ್ದರೆ ಅದರಲ್ಲಿ ಸವೆಸುವ ಅಂಶವೂ ಇರಬಹುದು, ನಿಮಗೆ ಬೇಡ. ‘ಸ್ಕ್ರ್ಯಾಚ್ ರಿಮೂವರ್’ ಎಂದರೂ ಅದೇ. ಒಮ್ಮೆಗೆ ಹಚ್ಚುವುದು ಆದಷ್ಟು ತೆಳುವಾಗಿರಲಿ. ಬಾನೆಟ್ ಪೂರ್ತಿಗೆ ಒಂದು ರೂಪಾಯಿ ನಾಣ್ಯದಷ್ಟು ಸಾಕು. ದಪ್ಪ ಹಚ್ಚಿದರೆ ರಕ್ಷಣೆ ಹೆಚ್ಚುವುದಿಲ್ಲ, ಒರೆಸುವ ಕೈ ನೋಯುತ್ತದೆ ಅಷ್ಟೇ.

ಪ್ರಯೋಗಾಲಯ (ದಾವಣಗೆರೆ)

ಒಂದು ಸೇರಿಸುತ್ತೇನೆ. ವ್ಯಾಕ್ಸ್ ಆದ ಮೇಲೆ ನೀರು ಮುತ್ತಿನಂತೆ ನಿಲ್ಲುವುದು ನೋಡಲು ಖುಷಿ, ಆದರೆ ಗಡಸು ನೀರಿನ ಊರಿನಲ್ಲಿ ಪ್ರತಿ ಮುತ್ತೂ ಆರಿದ ಮೇಲೆ ಒಂದು ಸುಣ್ಣದ ಉಂಗುರ ಬಿಡುತ್ತದೆ. ತೊಳೆದ ಕೂಡಲೇ ಒಣಗಿಸದಿದ್ದರೆ ವ್ಯಾಕ್ಸ್ ಮಾಡಿದ ಕಾರಿನಲ್ಲಿಯೇ ಚುಕ್ಕೆ ಹೆಚ್ಚು ಕಾಣಬಹುದು.

ಅಪ್ಪನ ಪದ್ಮಿನಿ (ತುಮಕೂರು)

ಆಯುಧಪೂಜೆಗೆ ಒಂದು ವಾರ ಮೊದಲೇ ವ್ಯಾಕ್ಸ್ ಮಾಡಿ ಮೇಷ್ಟ್ರೇ. ಅರಿಶಿನದ ಕಲೆ ನಾಲ್ಕು ದಿನದ ಬಿಸಿಲಿಗೆ ತಾನೇ ಮಾಸುತ್ತದೆ. ಕುಂಕುಮ ಹಾಗಲ್ಲ. ಈಗಿನ ಅಂಗಡಿ ಕುಂಕುಮದಲ್ಲಿ ಏನು ಬಣ್ಣ ಬೆರೆಸುತ್ತಾರೋ, ನೀರು ತಾಗಿ ರಾತ್ರಿ ಕಳೆದರೆ ಪದ್ಮಿನಿಯ ಕೆನೆ ಬಣ್ಣಕ್ಕೆ ಗುಲಾಬಿ ಕಲೆ ಬಿಟ್ಟಿತ್ತು. ಈಗ ಬೊಟ್ಟನ್ನು ಗಾಜಿಗೂ ನಂಬರ್ ಪ್ಲೇಟಿಗೂ ಇಡುತ್ತೇವೆ. ಅಮ್ಮ ಮೊದಲು ಒಪ್ಪಲಿಲ್ಲ, ಅಪ್ಪನ ಗಾಡಿ ಎಂದ ಮೇಲೆ ಒಪ್ಪಿದರು. ಹಾರ ಕಟ್ಟಲು ಟೇಪು ಅಂಟಿಸಬೇಡಿ, ದಾರ ಸಾಕು.

ಕಡುನೀಲಿ (ಮೈಸೂರು)

ಭಾನುವಾರ ಮುಗಿಸಿದೆ. ತೊಳೆದ ಮೇಲೆ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈಹಾಕಿ ಬಾನೆಟ್ ಸವರಿದೆ, ಎಲ್ಲೋ ಓದಿದ್ದ ಉಪಾಯ. ಕಣ್ಣಿಗೆ ನುಣುಪಾಗಿ ಕಂಡದ್ದು ಬೆರಳಿಗೆ ರವೆ ಸವರಿದಂತೆ ತಾಗಿತು. ಶಾಂಪೂ ನೀರು ಸಿಂಪಡಿಸುತ್ತ ಕ್ಲೇ ಎಳೆದೆ. ಮೊದಮೊದಲು ಕರಕರ ಎನ್ನುತ್ತಿದ್ದದ್ದು ನಾಲ್ಕನೇ ಎಳೆತಕ್ಕೆ ಸದ್ದಡಗಿತು. ಕ್ಲೇ ತಿರುಗಿಸಿ ನೋಡಿದರೆ ಬೂದುಬಣ್ಣದ ನಡುವೆ ಕಂದು ಚುಕ್ಕೆಗಳು. ಮನೆಯ ಮುಂದಿನ ಮಳೆಮರದ ಅಂಟು ಇರಬೇಕು.

ಸೀಲಂಟನ್ನು ತೆಳುವಾಗಿ ಹಚ್ಚಿ, ಮಂಜು ಕವಿದಂತಾದ ಮೇಲೆ ಒರೆಸಿದೆ. ಬಾನೆಟ್ಟಿನಲ್ಲಿ ಎದುರುಮನೆಯ ಕಿಟಕಿ ಸರಳುಗಳನ್ನು ಎಣಿಸಬಹುದಿತ್ತು. ರಾತ್ರಿ ಬಂಕಿಗೆ ಹೋದೆ. ಜೇಡರ ಬಲೆ ಇದ್ದಲ್ಲೇ ಇದೆ. ಈಗ ಅದನ್ನು ನೋಡಿ ಬೇಸರವಾಗಲಿಲ್ಲ.

ನಿನ್ನೆ ಸರ್ವಿಸ್‌ಗೆ ಬಿಟ್ಟೆ. ಜಾಬ್ ಕಾರ್ಡಿನಲ್ಲಿ ಆ ಸಾಲು ಎಂದಿನಂತೆ ಮೊದಲೇ ಅಚ್ಚಾಗಿತ್ತು. ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ‘ರಬ್ಬಿಂಗ್ ಬೇಡ, ಒಣಬಟ್ಟೆಯಿಂದ ಒರೆಸುವುದೂ ಬೇಡ’ ಎಂದು ಬರೆದು ಸಹಿ ಮಾಡಿದೆ.

ಶೆಡ್ಡಿನ ಅಣ್ಣ, ಒಂದೇ ಪ್ರಶ್ನೆ ಉಳಿದಿದೆ. ಮರುಬಣ್ಣದ ಎಡಬಾಗಿಲಿಗೂ ಅದೇ ಸೀಲಂಟ್ ಹಚ್ಚಿದ್ದೇನೆ, ತೊಂದರೆಯಿಲ್ಲವೇ?

ಬಣ್ಣದ ಶೆಡ್ಡು (ಹುಬ್ಬಳ್ಳಿ)

ಮೂರು ವರ್ಷ ಕಳೆದಿದೆಯಲ್ಲ, ಏನೂ ತೊಂದರೆಯಿಲ್ಲ. ಹೊಸದಾಗಿ ಬಣ್ಣ ಹಾಕಿಸಿದಾಗ ಮಾತ್ರ ಎರಡು ಮೂರು ತಿಂಗಳು ಬಿಡಬೇಕು, ಒಳಗಿನ ದ್ರಾವಕ ಆರಿಹೋಗಲು. ಮುಂದಿನ ಸೀಲಂಟ್ ಸಂಕ್ರಾಂತಿಗೆ ಇಟ್ಟುಕೊಳ್ಳಿ, ಬಟ್ಟೆಗಳನ್ನು ಬೇರೆಯಾಗಿ ಒಗೆದು ನೆರಳಲ್ಲಿ ಒಣಗಿಸಿ. ಕೆಳಗೆ ಬಿದ್ದ ಬಟ್ಟೆಯನ್ನು ಆ ದಿನ ಮತ್ತೆ ಕಾರಿಗೆ ಮುಟ್ಟಿಸಬೇಡಿ.